ಹಿತ್ತಿಲಿನಲ್ಲಿ ರಾಸ್ಬೆರಿ

ಅನಮೋಡವು ಸಹ್ಯಾದ್ರಿಯ ಮೇಲಂಚಿನ ಊರು. ಬೆಳಗಾವಿಯಿಂದ ಗೋವೆಗೆ ಹೋಗುವ ಹೆದ್ದಾರಿಯು ಇಲ್ಲಿಂದ ಘಟ್ಟವಿಳಿದು ಮೊಲ್ಲೆಮನ್ನು ಸೇರುತ್ತದೆ. ಇಲ್ಲಿಯ ಮಕ್ಕಳಿಗೆ ಮುಳ್ಳುಗಿಡದ ಹಣ್ಣೆಂದರೆ ಕವಳಿಯೇ. ಸಂಸ್ಕೃತದಲ್ಲಿ ಅದಕ್ಕೆ ಕರಮರ್ದವೆಂದು ಹೆಸರು. ಪಾಠಶಾಲೆಯ ಕೆಲಸದಿಂದ ನಿವೃತ್ತರಾಗಿ ಈ ಊರಿನಲ್ಲಿ ನೆಲೆಸಿದಾಗ ನಾವೂ ಕವಳಿಗಿಂತ ಹೆಚ್ಚಿನದೇನನ್ನೂ ಬಯಸಿರಲಿಲ್ಲ. ರಾಸ್ಬೆರಿಯನ್ನು ನಮ್ಮ ಮನೆಗೆ ತಂದವಳು ನಮ್ಮ ತಂಗಿ. ಮಡಿಕೇರಿಯ ತನ್ನ ಮನೆಯಂಗಳದಿಂದ ಒಂದು ಸಸಿಯನ್ನು ಹಳೆಯ ಡಬ್ಬಿಯೊಂದರಲ್ಲಿ ನೆಟ್ಟು, ದಾರಿಯುದ್ದಕ್ಕೂ ಮಡಿಲ ಮೇಲಿರಿಸಿಕೊಂಡು ಬಂದಿದ್ದಳು.

ರಾಸ್ಬೆರಿಯು ಶೀತದೇಶದ ಫಲವಲ್ಲವೇ ಎಂದು ವಾಚಕರು ಕೇಳಬಹುದು. ಕೆಂಪು ರಾಸ್ಬೆರಿಯ ವಿಷಯದಲ್ಲಿ ಆ ಮಾತು ನಿಜ. 1753ರಲ್ಲಿ ಲಿನ್ನೇಯಸ್ ಪಂಡಿತನು ಅದನ್ನು ಇಡಾ ಪರ್ವತದ ಹೆಸರಿನಿಂದ ರೂಬಸ್ ಇಡೇಯಸ್ ಎಂದು ಕರೆದನು. ಚಳಿಗಾಲದಲ್ಲಿ ನೂರಾರು ಘಂಟೆಗಳ ಕಾಲ ಕಟುವಾದ ಶೀತವನ್ನುಂಡ ಹೊರತು ಅದರ ಬಹುತೇಕ ತಳಿಗಳು ಸರಿಯಾಗಿ ಫಲ ಕೊಡಲಾರವು. ಇದನ್ನರಿಯದೆ ನಾವು ಒಮ್ಮೆ ಸಸ್ಯಗಳ ವ್ಯಾಪಾರಿಯೊಬ್ಬನ ಬಣ್ಣದ ಚಿತ್ರಕ್ಕೆ ಮರುಳಾಗಿ ಅಂಚೆಯ ಮೂಲಕ ಎರಡು ಗಿಡಗಳನ್ನು ತರಿಸಿದ್ದುಂಟು. ಎರಡು ವರ್ಷ ಎಲೆಯನ್ನು ಮಾತ್ರ ತೋರಿಸಿ ಅವು ಒಣಗಿಹೋದವು. ಆ ಹಣದಲ್ಲಿ ಒಂದು ಒಳ್ಳೆಯ ಗುದ್ದಲಿಯಾದರೂ ಬರುತ್ತಿತ್ತು.

ತಂಗಿಯು ತಂದುದು ಬೇರೆ ಜಾತಿ. ಅದರ ಶಾಸ್ತ್ರೀಯ ನಾಮವು ರೂಬಸ್ ನೀವಿಯಸ್. ನೀವಿಯಸ್ ಎಂದರೆ ಹಿಮಶುಭ್ರವೆಂದರ್ಥ. ಎಲೆಯ ಅಡಿಭಾಗವು ಬೆಳ್ಳಗೆ, ಕೋಲಿನ ಮೇಲೆ ಬೂದಿ ಸವರಿದಂತೆ ಬಿಳಿಯ ಲೇಪ, ಹೂವು ನಸುಗೆಂಪು, ಹಣ್ಣು ಮೊದಲು ಕೆಂಪಾಗಿದ್ದು ಮಾಗಿದಾಗ ಕಡುನೇರಳೆ. ಕಿತ್ತೊಡನೆ ತಿರುಳಿನ ಗಡ್ಡೆಯು ಗಿಡದಲ್ಲೇ ಉಳಿದು, ಹಣ್ಣು ಒಳಗೆ ಟೊಳ್ಳಾಗಿ ಟೊಪ್ಪಿಗೆಯಂತೆ ಕೈಗೆ ಬರುತ್ತದೆ. ರೂಬಸ್ ಮೈಸೊರೆನ್ಸಿಸ್ ಎಂಬ ಹಳೆಯ ಹೆಸರೂ ಇದಕ್ಕುಂಟು. ಅಮೆರಿಕೆಯ ಫ್ಲಾರಿಡಾದ ತೋಟಗಾರರು ಇಂದಿಗೂ ಇದನ್ನು ಮೈಸೂರು ರಾಸ್ಬೆರಿಯೆಂದೇ ಕರೆಯುತ್ತಾರೆ. ನಮ್ಮ ರಾಜ್ಯದ ಹೆಸರು 1973ರಲ್ಲಿ ಬದಲಾದರೂ ಹಣ್ಣಿನ ಹೆಸರು ಬದಲಾಗಲಿಲ್ಲ.

ಆಷಾಢದಲ್ಲಿ ನೆಟ್ಟ ಆ ಸಸಿಯು ಮಳೆಗಾಲ ಕಳೆಯುವಷ್ಟರಲ್ಲಿ ಆಳೆತ್ತರ ಮೀರಿ ಬಾಗಿ ನಿಂತಿತು. ಮರುವರ್ಷದ ಮಾಘದಲ್ಲಿ ತಂಗಿಯು ತೀರಿಕೊಂಡಳು. ಅದೇ ಬೇಸಗೆಯಲ್ಲಿ ಗಿಡವು ಮೊದಲ ಸಲ ಹಣ್ಣು ಬಿಟ್ಟಿತು. ಬಳಿಕ ಹಣ್ಣು ಕೊಟ್ಟ ಕೋಲುಗಳೆಲ್ಲವೂ ಒಂದೊಂದಾಗಿ ಒಣಗಿದವು. ನಮಗೆ ಆಗ ಬಹಳ ವ್ಯಥೆಯಾಯಿತು.

ವ್ಯಥೆಗೆ ಅರ್ಧದಷ್ಟು ನಮ್ಮ ಅಜ್ಞಾನವೇ ಕಾರಣ. ಫಲ ಮಾಗಿದೊಡನೆ ಸಾಯುವ ಸಸ್ಯಕ್ಕೆ ಸಂಸ್ಕೃತ ನಿಘಂಟುಕಾರರು ಓಷಧಿಯೆಂದು ಹೆಸರಿಟ್ಟಿದ್ದಾರೆ. ಭತ್ತ, ಬಾಳೆ ಆ ವರ್ಗದವು. ನಾಲ್ಕು ದಶಕ ಇದನ್ನು ಪಾಠ ಹೇಳಿದ ನಮಗೆ, ರಾಸ್ಬೆರಿಯ ಕೋಲು ಓಷಧಿ, ಬೇರು ಮಾತ್ರ ಬಹುವರ್ಷಜೀವಿ ಎಂಬುದು ಹೊಳೆಯಲಿಲ್ಲ. ಹಣ್ಣು ಕೊಟ್ಟ ಕೋಲು ಒಣಗುವುದು ಸಹಜ. ಬುಡದಿಂದ ಹೊಸ ಕೋಲುಗಳು ಏಳಬೇಕು. ಆದರೆ ನಮ್ಮ ಗಿಡದಲ್ಲಿ ಅವೂ ಏಳಲಿಲ್ಲ. ಸೂರಿನ ನೀರು ಬಿದ್ದು ನಿಲ್ಲುವ ತಗ್ಗಿನಲ್ಲಿ ನೆಟ್ಟಿದ್ದೆವು, ಬೇರು ಕೊಳೆತಿತ್ತು. ಆ ತಪ್ಪು ಪೂರ್ತಿ ನಮ್ಮದು.

ಗುದ್ದಲಿ ಹಿಡಿದು ಬುಡ ಕೀಳಲು ಹೋದಾಗ ನಮ್ಮ ಮನೆಯವರು ಕೈ ತಡೆದು, "ಇಲ್ಲಿ ನೋಡಿರಿ, ಇದು ಜೀವ ಹಿಡಿದಿದೆ" ಎಂದು ತರಗೆಲೆಯನ್ನು ಸರಿಸಿದರು. ಹಿಂದಿನ ಮಳೆಗಾಲದ ಕೊನೆಯಲ್ಲಿ ಒಂದು ಕೋಲು ಬಾಗಿ, ಅದರ ತುದಿ ನೆಲಕ್ಕೆ ತಾಗಿ, ತಾನಾಗಿಯೇ ಬೇರು ಬಿಟ್ಟಿತ್ತು. ಈಗ ನಮ್ಮ ಹಿತ್ತಿಲಿನಲ್ಲಿರುವ ಗಿಡಗಳೆಲ್ಲವೂ ಆ ಒಂದು ತುದಿಯ ಸಂತಾನ.

ಅಂದು ಗಿಡವೇ ಕಲಿಸಿಕೊಟ್ಟ ಕ್ರಮವನ್ನು ನಾವು ಇಂದಿಗೂ ಅನುಸರಿಸುತ್ತೇವೆ. ಭಾದ್ರಪದದಲ್ಲಿ ಮಳೆಯ ರಭಸವು ಇಳಿದೊಡನೆ, ಆ ವರ್ಷವೇ ಬೆಳೆದ, ರೋಗವಿಲ್ಲದ ಕೋಲನ್ನು ಆರಿಸಬೇಕು. ಎಲೆ ಮುದುಡಿದ ಅಥವಾ ಮಚ್ಚೆ ಹಿಡಿದ ತಾಯಿಗಿಡವನ್ನು ಎಂದಿಗೂ ಆರಿಸಬಾರದು. ತಾಯಿಯ ರೋಗವು ಮರಿಗೂ ತಪ್ಪದು. ಕೈಗೆ ಗೋಣಿಯ ಬಟ್ಟೆ ಸುತ್ತಿಕೊಂಡು ಕೋಲನ್ನು ಮೆಲ್ಲನೆ ಬಗ್ಗಿಸಿ, ತುದಿಯನ್ನು ಮೂರು ನಾಲ್ಕು ಅಂಗುಲ ಆಳದ ಗುಳಿಯಲ್ಲಿ ತಲೆಕೆಳಗಾಗಿ ಇಳಿಸಿ, ಮರಳು ಬೆರೆತ ಮಣ್ಣನ್ನು ಮುಚ್ಚಿ, ಮೇಲೊಂದು ಕಲ್ಲನ್ನು ಹೇರತಕ್ಕದ್ದು. ಕಲ್ಲಿಲ್ಲದಿದ್ದರೆ ಕೋಲು ಸೆಟೆದು ಮೇಲೇಳುತ್ತದೆ. ಮಣ್ಣು ಆರದಂತೆ ನೋಡಿಕೊಂಡರೆ ಒಂದು ಒಂದೂವರೆ ತಿಂಗಳಲ್ಲಿ ಬೇರೂರಿ, ಎಳೆಯ ಕುಡಿಯು ಮಣ್ಣನ್ನು ಸೀಳಿಕೊಂಡು ಬರುತ್ತದೆ. ಆಗ ತಾಯಿಯ ಕಡೆಯಿಂದ ಒಂದು ಗೇಣು ಕೋಲನ್ನು ಬಿಟ್ಟು ಕತ್ತರಿಸಬೇಕು. ಎತ್ತಿ ನೆಡುವಾಗ ಅದೇ ಹಿಡಿಕೆಯಾಗುತ್ತದೆ.

ಬೀಜದಿಂದಲೂ ಸಸಿಯಾಗುತ್ತದೆ, ಆದರೆ ಬೀಜದ ಸಿಪ್ಪೆ ಗಟ್ಟಿ, ಮೊಳೆಯಲು ತಡ, ಮನೆಯವರಿಗೆ ತಾಳ್ಮೆ ಕಡಿಮೆ.

ಕೊಂಬೆಯಿಂದ ಗಿಡ ಮಾಡುವುದು ನಮ್ಮವರಿಗೆ ಹೊಸತಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ ದಾಳಿಂಬೆ, ದ್ರಾಕ್ಷಿ ಮೊದಲಾದವುಗಳ ಕಾಂಡಕ್ಕೆ ಸಗಣಿ ಬಳಿದು ನೆಡಬೇಕೆಂದು ವಿಧಿಸಿದ್ದಾನೆ. ರಾಸ್ಬೆರಿಗೆ ಆ ಲೇಪ ಬೇಕಿಲ್ಲ. ಬುಡಕ್ಕೆ ಕೊಳೆತ ಕೊಟ್ಟಿಗೆಗೊಬ್ಬರ ಸಾಕು. ಇಲ್ಲಿಯ ಮಳೆಗೆ ಮುಖ್ಯವಾದುದು ನೀರು ನಿಲ್ಲದ ಏರುಮಡಿ. ಗಿಡದಿಂದ ಗಿಡಕ್ಕೆ ನಾಲ್ಕೈದು ಅಡಿ ಬಿಟ್ಟು, ಗೂಟಗಳಿಗೆ ತಂತಿ ಬಿಗಿದು ಕೋಲುಗಳನ್ನು ಕಟ್ಟುತ್ತೇವೆ. ಹಣ್ಣು ಮುಗಿದ ಕೋಲನ್ನು ಬುಡದವರೆಗೆ ಕೊಯ್ದು ಸುಡುತ್ತೇವೆ. ಹಣ್ಣು ಮರುದಿನಕ್ಕೆ ನಿಲ್ಲದು; ಕೊಯ್ದ ದಿನವೇ ತಿನ್ನಬೇಕು, ಇಲ್ಲವೇ ಸಕ್ಕರೆ ಹಾಕಿ ಕುದಿಸಿ ಶೀಸೆಗೆ ತುಂಬಬೇಕು.

ಒಂದು ಎಚ್ಚರಿಕೆಯುಂಟು. ಈ ಸಸ್ಯವು ಹವಾಯಿಯಲ್ಲಿಯೂ ಗಲಾಪಗೋಸ್ ದ್ವೀಪಗಳಲ್ಲಿಯೂ ತೋಟದಿಂದ ತಪ್ಪಿಸಿಕೊಂಡು ಹೋಗಿ, ಅಲ್ಲಿಯ ಕಾಡನ್ನು ಮುಳ್ಳುಪೊದೆಗಳಿಂದ ಮುಚ್ಚುತ್ತಿದೆ. ಹಕ್ಕಿಯೇ ಅದರ ವಾಹನ. 2015ರಿಂದ ಕಾಳಿಯ ಹೆಸರು ಪಡೆದ ಹುಲಿ ಸಂರಕ್ಷಿತ ಪ್ರದೇಶವು ನಮ್ಮ ತಾಲೂಕಿನಲ್ಲಿಯೂ ಹರಡಿದೆ. ಘಟ್ಟದ ಕೆಳಗೂ ಅಭಯಾರಣ್ಯವೇ. ಆದುದರಿಂದ ಹಣ್ಣಿನ ಮೇಲೆ ಬಲೆ ಹೊದಿಸುತ್ತೇವೆ, ಬೇಲಿಯಾಚೆ ತುದಿ ತಾಗಲು ಬಿಡುವುದಿಲ್ಲ. ಅಭಯಾರಣ್ಯದಿಂದ ಗಿಡ ಕಿತ್ತು ತರುವ ಯೋಚನೆಯನ್ನಂತೂ ಯಾರೂ ಮಾಡಬಾರದು. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ.

ಕಳೆದ ಭಾದ್ರಪದದಲ್ಲಿ ಏಳು ತುದಿಗಳನ್ನು ಊರಿದ್ದೆವು, ಐದು ಬೇರೂರಿದವು. ಮಡಿಕೇರಿಯಲ್ಲಿ ಮನೆಯನ್ನು ವಿಸ್ತರಿಸುವಾಗ ಅಂಗಳದ ಹಳೆಯ ಪೊದೆ ಹೋಯಿತೆಂದು ತಂಗಿಯ ಮಗಳು ಬರೆದಿದ್ದಳು. ಐದರಲ್ಲಿ ಎರಡನ್ನು ತೆಂಗಿನ ನಾರಿನಲ್ಲಿ ಸುತ್ತಿ ಅವಳಿಗೆ ಕಳುಹಿಸಿದೆವು. ಎರಡೂ ಚಿಗುರಿವೆಯೆಂದು ಮೊನ್ನೆ ಪತ್ರ ಬಂದಿದೆ.