ನೀರೊಳಗಿನ ಪೈಲಟ್ ಆಗಹೊರಟ ಅಕ್ಕನ ಮಗ

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಕುಮಟೆಯಿಂದ ಅಕ್ಕನ ಫೋನು. “ಇವನು ಸಮುದ್ರದೊಳಗೆ ಪೈಲಟ್ ಆಗ್ತಾನಂತೆ. ಅಂಥದ್ದೊಂದು ಕೆಲಸ ಇದೆಯೇನೋ? ನೀನು ಕಂಪ್ಯೂಟರಿನವನು, ನಿಂಗೊತ್ತಿರ್ಬೇಕು.” ಮಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದ. ತರಬೇತಿಯ ಶುಲ್ಕಕ್ಕೆ ಅಕ್ಕ ಬಳೆ ಅಡವಿಡಲು ತಯಾರಾಗಿದ್ದಳು. ನನಗೆ ಏನೂ ಗೊತ್ತಿರಲಿಲ್ಲ. ಡೊಂಬಿವಲಿ ಲೋಕಲ್‌ನಲ್ಲಿ ನೇತಾಡುತ್ತಲೇ ಮೊಬೈಲಿನಲ್ಲಿ ಓದತೊಡಗಿದೆ.

ಆರ್‌ಒವಿ ಅಂದರೆ ಮನುಷ್ಯ ಒಳಗೆ ಕೂರದ, ಕೇಬಲ್ಲಿಗೆ ಕಟ್ಟಿ ನೀರಿಗಿಳಿಸುವ ಯಂತ್ರ. ಹಡಗಿನ ಡೆಕ್ಕಿನ ಮೇಲಿರುವ ಕಂಟೇನರಿನಲ್ಲಿ ಕೂತು ಅದನ್ನು ಜಾಯ್‌ಸ್ಟಿಕ್ಕಿನಿಂದ ನಡೆಸುತ್ತಾರೆ. ಕೇಬಲ್ಲಿನಲ್ಲಿ ವಿದ್ಯುತ್ತು ಕೆಳಗೆ ಹೋಗುತ್ತದೆ, ಚಿತ್ರ ಮೇಲೆ ಬರುತ್ತದೆ. 1985ರಲ್ಲಿ ಐರ್ಲೆಂಡಿನ ಬಳಿ ಸಮುದ್ರಕ್ಕೆ ಬಿದ್ದ ಏರ್ ಇಂಡಿಯಾದ ಕನಿಷ್ಕ ವಿಮಾನದ ಬ್ಲ್ಯಾಕ್ ಬಾಕ್ಸ್‌ಗಳನ್ನು ಸುಮಾರು 2 ಕಿಲೋಮೀಟರ್ ಆಳದಿಂದ ಎತ್ತಿದ್ದು ಇಂಥದೇ ಯಂತ್ರ. ನಮ್ಮ ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿ, 1974ರಲ್ಲಿ ಎಣ್ಣೆ ಸಿಕ್ಕ ಬಾಂಬೆ ಹೈನಲ್ಲಿ ಇದಕ್ಕೆ ದಿನನಿತ್ಯದ ಕೆಲಸವಿದೆ: ಪ್ಲಾಟ್‌ಫಾರ್ಮುಗಳ ಕಾಲುಗಳಿಗೆ ತುಕ್ಕು ಹಿಡಿದಿದೆಯೇ, ಪೈಪ್‌ಲೈನಿನ ಅಡಿಯ ಮಣ್ಣು ಕೊಚ್ಚಿಹೋಗಿದೆಯೇ ಎಂದು ನೋಡುವುದು.

ಹುಡುಗ ಬಂದ. ತರಬೇತಿ ಕೇಂದ್ರವೊಂದಕ್ಕೆ ಹೋದೆವು. ಎಸಿ ಕೋಣೆ, ದೊಡ್ಡ ಪರದೆ, ಸಿಮ್ಯುಲೇಟರ್. ವಿಡಿಯೊ ಗೇಮ್ ಆಡಿ ಬೆಳೆದ ಹುಡುಗ ಹತ್ತು ನಿಮಿಷಕ್ಕೇ ಮರುಳಾದ, ನಾನೂ ಆದೆ. “ಹಿಂದಿನ ಬ್ಯಾಚಿನವರಲ್ಲಿ ಸಮುದ್ರಕ್ಕೆ ಹೋದವರು ಎಷ್ಟು ಜನ?” ಎಂದು ಕೇಳಿದ್ದಕ್ಕೆ ಮಾತ್ರ ನಗು ಸಿಕ್ಕಿತು, ಸಂಖ್ಯೆ ಸಿಗಲಿಲ್ಲ.

ಕರ್ನಾಟಕ ಸಂಘದ ಗೆಳೆಯರೊಬ್ಬರ ಮೂಲಕ ಒಬ್ಬ ಸೂಪರ್‌ವೈಸರ್ ಸಿಕ್ಕರು. ಮಂಗಳೂರಿನ ಕಡೆಯವರು, ರಜೆಯಲ್ಲಿ ಕಲ್ಯಾಣದ ಮನೆಗೆ ಬಂದಿದ್ದರು. ಚಹಾ ಬರುವ ಮೊದಲೇ ಹುಡುಗನಿಗೆ ಪ್ರಶ್ನೆ ಎಸೆದರು: “ಯಂತ್ರ ನೀರಲ್ಲಿದೆ, ಇನ್ಸುಲೇಶನ್ ರೀಡಿಂಗ್ ಬೀಳ್ತಾ ಇದೆ. ಏನು ಮಾಡ್ತೀ?” ಇವನು ತಡವರಿಸಿದ. ಮೇಲೆತ್ತಿ, ಕರೆಂಟು ತೆಗೆದು, ಲೈನನ್ನು ಮಧ್ಯದಲ್ಲಿ ಬಿಡಿಸಿ ಯಾವ ಅರ್ಧದಲ್ಲಿ ದೋಷ ಇದೆ ನೋಡ್ತೇನೆ, ಮತ್ತೆ ಅದರಲ್ಲಿ ಅರ್ಧ, ಎಂದ. ನಾವು ಕೋಡಿನಲ್ಲಿ ಬಗ್ ಹುಡುಕುವುದೂ ಹೀಗೆಯೇ. ಅವರು ಮೊದಲ ಬಾರಿ ನಕ್ಕರು.

“ಪೈಲಟ್ ಅನ್ನೋ ಪದಕ್ಕೆ ಮರುಳಾಗಬೇಡ. ಹುದ್ದೆಯ ಪೂರ್ತಿ ಹೆಸರು ಪೈಲಟ್-ಟೆಕ್ನಿಷಿಯನ್. ಹೊಸಬನಿಗೆ ಜಾಯ್‌ಸ್ಟಿಕ್ ಯಾರೂ ಕೊಡೋದಿಲ್ಲ. ಕೇಬಲ್ ತೊಳಿ, ಕನೆಕ್ಟರ್ ಒರೆಸು, ಹೈಡ್ರಾಲಿಕ್ ಹೋಸ್ ಬದಲಾಯಿಸು. ಹನ್ನೆರಡು ಗಂಟೆ ಶಿಫ್ಟು. ಸರ್ಟಿಫಿಕೇಟಿನಿಂದಷ್ಟೇ ಗ್ರೇಡ್ ಬರೋದಿಲ್ಲ, ಸಮುದ್ರದಲ್ಲಿ ಕಳೆದ ದಿನಗಳು ಲಾಗ್‌ಬುಕ್ಕಿನಲ್ಲಿ ಇರಬೇಕು.” ಮೊದಲು ಹೈಡ್ರಾಲಿಕ್ ವರ್ಕ್‌ಶಾಪಿನಲ್ಲಿ ಕೈ ಕೊಳೆ ಮಾಡಿಕೊ, ಆಮೇಲೆ ಕೇಳು ಎಂದರು.

ಬಳೆ ಉಳಿಯಿತು. ಹುಡುಗ ಮುನಿಸಿಕೊಂಡ. ಎರಡು ದಿನ ನನ್ನೊಡನೆ ಮಾತಿಲ್ಲ. ಕೊನೆಗೆ ನವಿ ಮುಂಬಯಿಯ ವರ್ಕ್‌ಶಾಪಿಗೆ ಸೇರಿದ. ಸಂಬಳ ಎಷ್ಟೆಂದು ಹೇಳಲು ಅವನಿಗೇ ನಾಚಿಕೆ. ಒಂದು ವರ್ಷಕ್ಕೂ ಮಿಕ್ಕಿ ಪಂಪು, ವಾಲ್ವು ಬಿಚ್ಚಿದ. ಆಮೇಲೆ ವೈದ್ಯಕೀಯ ಪರೀಕ್ಷೆ ಮತ್ತು ಹೆಲಿಕಾಪ್ಟರ್ ನೀರಿಗೆ ಬಿದ್ದರೆ ಪಾರಾಗುವ ತರಬೇತಿ. ಸೀಟಿಗೆ ಬೆಲ್ಟು ಬಿಗಿದು ಇಡೀ ಕ್ಯಾಬಿನ್ನನ್ನು ಕೊಳದಲ್ಲಿ ತಲೆಕೆಳಗು ಮಾಡುತ್ತಾರೆ; ಉಸಿರು ಬಿಗಿಹಿಡಿದು, ಕಿಟಕಿ ತಳ್ಳಿ ಹೊರಬರಬೇಕು. ಅಘನಾಶಿನಿಯಲ್ಲಿ ಈಜಿ ಬೆಳೆದವನೂ ಮೊದಲ ಸಲ ಮೇಲು ಯಾವುದು, ಕೆಳಗು ಯಾವುದು ತಿಳಿಯದೆ ಹೆದರಿದನಂತೆ.

ಕಳೆದ ನವೆಂಬರಿನಲ್ಲಿ ಟ್ರೇನಿಯಾಗಿ ಹಡಗು ಹತ್ತಿದ. ಮೂರನೇ ವಾರ, ರಾತ್ರಿ ಶಿಫ್ಟಿನಲ್ಲಿ ಇಪ್ಪತ್ತು ನಿಮಿಷ ಜಾಯ್‌ಸ್ಟಿಕ್ ಕೈಗೆ ಬಂತು. ತಳಕ್ಕೆ ತೀರ ಹತ್ತಿರ ಹೋದ. ಪ್ರೊಪೆಲ್ಲರ್ ಗಾಳಿಯಂತೆ ಕೆಸರೆಬ್ಬಿಸಿ ಪರದೆಯೆಲ್ಲ ಬೂದಿ ಬಣ್ಣ. “ಏನೂ ಮಾಡಬೇಡ, ಕಾಯಿ” ಎಂದರಂತೆ ಪಕ್ಕದವರು. ಹದಿನೈದು ವರ್ಷ ಸಾಫ್ಟ್‌ವೇರ್‌ನಲ್ಲಿದ್ದರೂ ನನಗೆ ಯಾವ ಮ್ಯಾನೇಜರೂ ಹಾಗೆ ಹೇಳಿದ್ದಿಲ್ಲ.

ಕೆಲಸವಿದ್ದ ದಿನಕ್ಕಷ್ಟೇ ಸಂಬಳ. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಬಿಡುವುದಿಲ್ಲ; ಮೇ ಕೊನೆಯಿಂದ ಅವನು ನಮ್ಮ ಮನೆಯ ಹಾಲ್‌ನಲ್ಲಿದ್ದಾನೆ. ನಿನ್ನೆ ಪೇಪರು ಹಾಸಿ ಪಕ್ಕದ ಮನೆಯ ಮಿಕ್ಸಿ ಬಿಚ್ಚಿ ಕೂತಿದ್ದಾಗ ಅಕ್ಕನ ಫೋನು ಬಂತು.

“ದೀಪಾವಳಿಗೆ ಮನೆಗೆ ಬರ್ತಾನೇನೋ?”

“ಬರದೇ ಇರಲಿ ಅಂತ ಹಾರೈಸು” ಎಂದೆ. ಅಕ್ಕ ಫೋನಿಟ್ಟಳು.