ಬಿಸಿಲ ನಾಡಿಗೆ ಯಾವ ಎಂಜಿನ್? ಟರ್ಬೊ ಬೇಕೆ, ಬೇಡವೆ?



ನಿಮ್ಮ ಮನೆಯಲ್ಲಿ ಹೊಸ ಕಾರು ಕೊಳ್ಳುವ ಮಾತು ನಡೆದಿದೆ ಎಂದಿಟ್ಟುಕೊಳ್ಳಿ. ನಿಮ್ಮ ಊರು ರಾಯಚೂರೋ, ಕಲಬುರಗಿಯೋ, ಬಳ್ಳಾರಿಯೋ ಇರಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಉಷ್ಣತೆ 42, 43 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಹೊಸ ಸಂಗತಿಯೇನಲ್ಲ. ಷೋರೂಮಿನವರು ಒಂದೇ ಕಾರಿನ ಎರಡು ಮಾದರಿಗಳನ್ನು ತೋರಿಸುತ್ತಾರೆ. ಒಂದರಲ್ಲಿ 1.2 ಲೀಟರಿನ ಸಾದಾ ಪೆಟ್ರೋಲ್ ಎಂಜಿನ್. ಇನ್ನೊಂದರಲ್ಲಿ 1 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್. ಎರಡನೆಯದು ಗಾತ್ರದಲ್ಲಿ ಚಿಕ್ಕದು, ಶಕ್ತಿಯಲ್ಲಿ ದೊಡ್ಡದು, ಬೆಲೆಯಲ್ಲಿ ಇನ್ನೂ ದೊಡ್ಡದು. ಅಷ್ಟರಲ್ಲಿ ಪಕ್ಕದ ಮನೆಯ ಲಾರಿ ಚಾಲಕರು ಬಂದು, "ನಮ್ಮ ಬಿಸಲಿಗೆ ಟರ್ಬೊ ತಡಿಯಂಗಿಲ್ಲ, ಬ್ಯಾಡ್ರಿ" ಎನ್ನುತ್ತಾರೆ.

ಯಾರ ಮಾತು ನಂಬಬೇಕು? ಐದಾರು ವರ್ಷ ಸಾಲದ ಕಂತು ಕಟ್ಟಬೇಕಾದ ಮನೆಗೆ ಇದು ಹೊತ್ತು ಕಳೆಯುವ ಹರಟೆಯಲ್ಲ. ಆದರೆ ಇದಕ್ಕೆ ಉತ್ತರ ಹುಡುಕಲು ನೀವು ಮೆಕ್ಯಾನಿಕ್ ಆಗಬೇಕಾಗಿಯೂ ಇಲ್ಲ. ಶಾಲೆಯ ಭೌತಶಾಸ್ತ್ರ ಸಾಕು.

ಎಂಜಿನ್ ಉಸಿರಾಡುವ ಗಾಳಿ

ಎಂಜಿನ್ ಪೆಟ್ರೋಲನ್ನು ಮಾತ್ರ ಕುಡಿಯುವುದಿಲ್ಲ, ಗಾಳಿಯನ್ನೂ ಉಸಿರಾಡುತ್ತದೆ. ಒಂದು ಕಿಲೋಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 15 ಕಿಲೋಗ್ರಾಂ ಗಾಳಿ ಬೇಕು. ಆದ್ದರಿಂದ ಸಿಲಿಂಡರಿನೊಳಗೆ ಎಷ್ಟು ಗಾಳಿ ತುಂಬುತ್ತದೆ ಎಂಬುದರ ಮೇಲೆ ಎಂಜಿನ್ನಿನ ಶಕ್ತಿ ನಿಂತಿದೆ.

ಗಾಳಿ ಬಿಸಿಯಾದರೆ ಹಿಗ್ಗುತ್ತದೆ. ಅದರ ಸಾಂದ್ರತೆ ಕಡಿಮೆಯಾಗುತ್ತದೆ. ಸಮುದ್ರ ಮಟ್ಟದಲ್ಲಿ, 15 ಡಿಗ್ರಿ ಉಷ್ಣತೆಯಲ್ಲಿ, ಒಂದು ಘನಮೀಟರ್ ಗಾಳಿಯ ತೂಕ ಸುಮಾರು 1.22 ಕಿಲೋಗ್ರಾಂ. ಅದೇ ಗಾಳಿ 45 ಡಿಗ್ರಿಗೆ ಏರಿದರೆ ತೂಕ 1.11 ಕಿಲೋಗ್ರಾಮಿಗೆ ಇಳಿಯುತ್ತದೆ. ಅಳತೆಯ ಪಾತ್ರೆ ಅದೇ. ಒಳಗಿನ ಸರಕು ಮಾತ್ರ ಶೇಕಡಾ 9ರಷ್ಟು ಕಡಿಮೆ.

ಹಾಗಾದರೆ ರಾಯಚೂರಿನ ಬಿಸಿಲಿನಲ್ಲಿ ಎಂಜಿನ್ ಬಳಲುವುದಕ್ಕೆ ತೆಳು ಗಾಳಿಯೇ ಕಾರಣವೇ? ಇಲ್ಲೊಂದು ಲೆಕ್ಕ ಮಾಡಿ ನೋಡಿ. ರಾಯಚೂರು ಸಮುದ್ರ ಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರ ಏರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ರಾಯಚೂರಿನ 43 ಡಿಗ್ರಿಯ ಗಾಳಿಗೂ ಬೆಂಗಳೂರಿನ 25 ಡಿಗ್ರಿಯ ಹಿತವಾದ ಗಾಳಿಗೂ ಸಾಂದ್ರತೆ ಹೆಚ್ಚುಕಡಿಮೆ ಒಂದೇ ಬರುತ್ತದೆ, ಘನಮೀಟರಿಗೆ ಸುಮಾರು 1.06 ಕಿಲೋಗ್ರಾಂ! ಬೆಂಗಳೂರಿನಲ್ಲಿ ಯಾರೂ "ಇಲ್ಲಿನ ಗಾಳಿ ತೆಳುವಾಯಿತು" ಎಂದು ದೂರುವುದಿಲ್ಲ. ಆದ್ದರಿಂದ ಬಿಸಿಲು ಎಂಜಿನ್ನಿಗೆ ಕೊಡುವ ಮುಖ್ಯ ಪೆಟ್ಟು ಬೇರೆಲ್ಲೋ ಇದೆ. ಅದನ್ನು ಹುಡುಕುವ ಮುಂಚೆ ಟರ್ಬೊ ಎಂದರೇನು ಎಂದು ತಿಳಿಯೋಣ.

ವ್ಯರ್ಥವಾಗುವ ಬಿಸಿಗೆ ಒಂದು ಉದ್ಯೋಗ

ಎಂಜಿನ್ನಿಗೆ ಹಾಕಿದ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ಚಕ್ರ ತಿರುಗಿಸಲು ಸಿಗುತ್ತದೆ. ಇನ್ನೊಂದು ಭಾಗ ರೇಡಿಯೇಟರಿನ ಮೂಲಕ, ಮತ್ತೊಂದು ಭಾಗ ಸೈಲೆನ್ಸರ್ ಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ಹೀಗೆ ಹೊರಹೋಗುವ ಬಿಸಿ ಅನಿಲದ ದಾರಿಯಲ್ಲಿ ಒಂದು ಪುಟ್ಟ ಚಕ್ರವನ್ನಿಟ್ಟರೆ ಅದು ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಸಿಲಿಂಡರಿಗೆ ತುಂಬುತ್ತದೆ. ಇದೇ ಟರ್ಬೊಚಾರ್ಜರ್. ಕಾರುಗಳಲ್ಲಿ ಈ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತವೆ.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬೂಖಿ 1905ರಲ್ಲಿ ಈ ಬಗೆಯ ಯಂತ್ರಕ್ಕೆ ಪೇಟೆಂಟ್ ಪಡೆದರು. 1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಟರ್ಬೊ ಜೋಡಿಸಿದ ವಿಮಾನದ ಎಂಜಿನ್ನೊಂದನ್ನು ಸುಮಾರು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಒಯ್ದು ಪರೀಕ್ಷಿಸಿದರು. ತೆಳು ಗಾಳಿಯಲ್ಲೂ ಅದು ಶಕ್ತಿ ಕಳೆದುಕೊಳ್ಳಲಿಲ್ಲ. ನಮ್ಮ ದೇಶದ ಉದಾಹರಣೆಯೂ ಇದೆ. 1960ರ ದಶಕದಿಂದ ಭಾರತೀಯ ರೈಲ್ವೆಯ ಬೋಗಿಗಳನ್ನು ಎಳೆದ ಡಬ್ಲ್ಯೂಡಿಎಂ-2 ಡೀಸೆಲ್ ಲೋಕೋಮೋಟಿವ್‌ನ 2,600 ಅಶ್ವಶಕ್ತಿಯ ಎಂಜಿನ್ ಟರ್ಬೊ ಎಂಜಿನ್ನೇ. ದಖನ್ನಿನ ಬಿಸಿಲಿನಲ್ಲಿ ಅದು ದಶಕಗಟ್ಟಲೆ ಓಡಿತು.

ಸೈಕಲ್ ಪಂಪು ಹೇಳುವ ಪಾಠ

ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿದ್ದೀರಾ? ಬೆಚ್ಚಗಿರುತ್ತದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಟರ್ಬೊ ಒತ್ತುವ ಗಾಳಿಗೂ ಇದೇ ನಿಯಮ.

ಹೊರಗೆ 15 ಡಿಗ್ರಿ ಇದೆ, ಟರ್ಬೊ ಗಾಳಿಯ ಒತ್ತಡವನ್ನು 1.8 ಪಟ್ಟು ಏರಿಸುತ್ತದೆ, ಅದರ ದಕ್ಷತೆ ಶೇಕಡಾ 70 ಎಂದಿಟ್ಟುಕೊಳ್ಳಿ. ಹೊರಬರುವ ಗಾಳಿಯ ಉಷ್ಣತೆ ಸುಮಾರು 90 ಡಿಗ್ರಿ. ಹೊರಗೆ 45 ಡಿಗ್ರಿ ಇದ್ದರೆ? ಸುಮಾರು 128 ಡಿಗ್ರಿ. ಇಷ್ಟು ಬಿಸಿಯಾದ ಗಾಳಿ ಮತ್ತೆ ಹಿಗ್ಗುವುದರಿಂದ 1.8 ಪಟ್ಟು ಒತ್ತಿದರೂ ತುಂಬುವುದು 1.4 ಪಟ್ಟು ಮಾತ್ರ.

ಇದಕ್ಕೆ ಪರಿಹಾರ ಇಂಟರ್‌ಕೂಲರ್, ಅಂದರೆ ಗಾಳಿಯನ್ನು ತಣಿಸುವ ಒಂದು ರೇಡಿಯೇಟರು. ಅದು 128 ಡಿಗ್ರಿಯ ಗಾಳಿಯನ್ನು 65 ಡಿಗ್ರಿಗೆ ಇಳಿಸಿತೆನ್ನಿ. ಆಗ ತುಂಬುವ ಗಾಳಿ ಸುಮಾರು 1.7 ಪಟ್ಟಾಗುತ್ತದೆ. ಆದರೆ ಇಂಟರ್‌ಕೂಲರ್ ಗಾಳಿಯನ್ನು ಹೊರಗಿನ ಉಷ್ಣತೆಗಿಂತ ಕೆಳಕ್ಕೆ ಇಳಿಸಲಾರದು. ಅದರ ಮುಖಕ್ಕೆ ಕೆಮ್ಮಣ್ಣಿನ ಧೂಳು ಮೆತ್ತಿದರಂತೂ ಕೆಲಸ ಅರ್ಧಕ್ಕೆ ನಿಂತಂತೆ.

ಬಿಸಿಲಿನ ನಿಜವಾದ ಪೆಟ್ಟು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಎಂಜಿನ್ನಿನ ತಣಿಸುವ ದ್ರವ ಸುಮಾರು 95 ಡಿಗ್ರಿಯಲ್ಲಿ ಹರಿಯುತ್ತಿದೆ. ಹೊರಗೆ 15 ಡಿಗ್ರಿ ಇದ್ದಾಗ ವ್ಯತ್ಯಾಸ 80 ಡಿಗ್ರಿ. ಹೊರಗೆ 45 ಇದ್ದಾಗ 50 ಡಿಗ್ರಿ ಮಾತ್ರ. ಈ ವ್ಯತ್ಯಾಸ ಇಳಿದಷ್ಟೂ ಅದೇ ರೇಡಿಯೇಟರು ಹೊರಹಾಕುವ ಶಾಖವೂ ಇಳಿಯುತ್ತದೆ. ಎಂಟಾಣೆ ಕೆಲಸ ಮಾಡುತ್ತಿದ್ದದ್ದು ಐದಾಣೆ ಕೆಲಸ ಮಾಡುತ್ತದೆ. ಇದು ಎಲ್ಲ ಎಂಜಿನ್ನುಗಳಿಗೂ ಅನ್ವಯಿಸುವ ಮಾತು. ಆದರೆ ಟರ್ಬೊ ಎಂಜಿನ್ ಚಿಕ್ಕ ಜಾಗದಲ್ಲಿ ಹೆಚ್ಚು ಇಂಧನ ಉರಿಸುವುದರಿಂದ ಅದಕ್ಕೆ ಈ ಕೊರತೆ ಬೇಗ ತಟ್ಟುತ್ತದೆ.

ಪೆಟ್ರೋಲ್ ಎಂಜಿನ್ನಿಗೆ ಇನ್ನೊಂದು ತೊಂದರೆಯಿದೆ. ಒಳಬರುವ ಗಾಳಿ ಅತಿ ಬಿಸಿಯಾದರೆ, ಕಿಡಿಯ ಜ್ವಾಲೆ ಮುಟ್ಟುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತದೆ. ಇದನ್ನೇ ನಾಕಿಂಗ್ ಎನ್ನುವುದು. ಪಿಸ್ಟನ್ನಿಗೆ ಇದು ಸುತ್ತಿಗೆ ಏಟು. ಇಂದಿನ ಕಾರುಗಳ ಕಂಪ್ಯೂಟರ್ ಇದನ್ನು ಗುರುತಿಸಿ ಕಿಡಿಯನ್ನು ತಡಮಾಡುತ್ತದೆ, ಟರ್ಬೊ ಒತ್ತಡವನ್ನೂ ತಗ್ಗಿಸುತ್ತದೆ. ಎಂಜಿನ್ ಉಳಿಯುತ್ತದೆ, ಶಕ್ತಿ ಕುಗ್ಗುತ್ತದೆ.

1962ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಟರ್ಬೊ ಕಾರು ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್ನಿಗೆ ಚಿಮುಕಿಸುತ್ತಿತ್ತು. ಅದರ ತೊಟ್ಟಿಯನ್ನು ಮಾಲೀಕರೇ ತುಂಬಿಸಬೇಕಿತ್ತು. ಅನೇಕರು ಮರೆತರು, ಕಾರು ತೊಂದರೆ ಕೊಟ್ಟಿತು, 1963ರಲ್ಲೇ ಆ ಮಾದರಿ ನಿಂತುಹೋಯಿತು. ಯಂತ್ರದ ಜಾಣತನಕ್ಕೆ ಬಳಸುವವನ ಎಚ್ಚರ ಜೊತೆಯಾಗದಿದ್ದರೆ ಹೀಗೇ ಆಗುತ್ತದೆ.

ಡೀಸೆಲ್ ಎಂಜಿನ್ ಗಾಳಿಯನ್ನು ಮಾತ್ರ ಒತ್ತಿ, ಕೊನೆಯಲ್ಲಿ ಇಂಧನ ಚಿಮುಕಿಸುತ್ತದೆ. ಹಾಗಾಗಿ ಅದಕ್ಕೆ ಈ ಬಗೆಯ ನಾಕಿಂಗ್ ಕಾಟವಿಲ್ಲ. ಡೀಸೆಲ್ಲಿಗೂ ಟರ್ಬೊಗೂ ಇರುವ ಹಳೆಯ ಸ್ನೇಹದ ಗುಟ್ಟು ಇದೇ. 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಬಿಎಸ್-6 ನಿಯಮಕ್ಕೆ ತಕ್ಕಂತೆ ತಯಾರಾಗುವ ಲಾರಿಗಳಲ್ಲಿ ಟರ್ಬೊ, ಇಂಟರ್‌ಕೂಲರ್ ಎರಡೂ ಇರುತ್ತವೆ. ಬಿಸಿಲಿಗೆ ಟರ್ಬೊ ತಡೆಯದು ಎಂದ ಪಕ್ಕದ ಮನೆಯವರ ಲಾರಿ ಈಚಿನದಾದರೆ, ಅವರು ಕೂತ ಸೀಟಿನ ಕೆಳಗೇ ಟರ್ಬೊ ತಿರುಗುತ್ತಿದೆ!

ಎಣ್ಣೆಯ ಮಾತು

ಆದರೆ ಅವರ ಮಾತಿನಲ್ಲಿ ಅನುಭವದ ತಿರುಳಿಲ್ಲದಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಟರ್ಬೊಗೆ ಬಡಿಯುವ ಅನಿಲದ ಉಷ್ಣತೆ 900 ಡಿಗ್ರಿ ದಾಟಬಹುದು. ಅಂಥ ಕಡೆ ತಿರುಗುವ ದಂಡವನ್ನು ಕಾಯುವುದು ಎಂಜಿನ್ ಆಯಿಲ್ಲಿನ ತೆಳುವಾದ ಪದರ. ಘಟ್ಟ ಹತ್ತಿಸಿ ಬಂದು ಥಟ್ಟನೆ ಎಂಜಿನ್ ನಿಲ್ಲಿಸಿದರೆ ಆಯಿಲ್ ಹರಿವು ನಿಲ್ಲುತ್ತದೆ. ಅಲ್ಲೇ ಉಳಿದ ಆಯಿಲ್ ಸುಟ್ಟು ಕರಿಯಾಗಿ ಗಟ್ಟಿಯಾಗುತ್ತದೆ. ಇಂದಿನ ಹಲವು ಟರ್ಬೊಗಳಿಗೆ ದ್ರವದಿಂದ ತಣಿಸುವ ವ್ಯವಸ್ಥೆ ಇದೆ. ಆದರೂ ಏರು ಹತ್ತಿ ಬಂದ ಮೇಲೆ ಒಂದೆರಡು ನಿಮಿಷ ಎಂಜಿನ್ನನ್ನು ಹಾಗೇ ಓಡಲು ಬಿಡುವುದು ಒಳ್ಳೆಯ ಅಭ್ಯಾಸ. ಕಂಪನಿ ಹೇಳಿದ ದರ್ಜೆಯ ಆಯಿಲ್ಲನ್ನು ಹೇಳಿದ ಅವಧಿಗೆ ಬದಲಿಸದೆ, "ಇನ್ನೆರಡು ಸಾವಿರ ಕಿಲೋಮೀಟರ್ ಓಡಲಿ ಬಿಡು" ಎನ್ನುವವರ ಮನೆಗೆ ಟರ್ಬೊ ದುಬಾರಿ ಅತಿಥಿ.

ಹಾಗಾದರೆ ಆಯ್ಕೆ ಹೇಗೆ?

ಮೊದಲು ಗಾಡಿಯ ಕೆಲಸ ಏನೆಂದು ಕೇಳಿ. ಊರೊಳಗೆ ಐದಾರು ಕಿಲೋಮೀಟರ್ ಓಡಾಟ, ಮಾರುಕಟ್ಟೆ, ಶಾಲೆ, ಎಂದಾದರೊಮ್ಮೆ ಊರ ಜಾತ್ರೆ. ಹತ್ತಿರದಲ್ಲಿ ಸಾಮಾನ್ಯ ಗ್ಯಾರೇಜು ಮಾತ್ರ. ಇಂಥ ಮನೆಗೆ ಸಾದಾ ಎಂಜಿನ್ ಒಳ್ಳೆಯ ಜೊತೆಗಾರ. ಅದರಲ್ಲಿ ಕೆಡುವ ಭಾಗಗಳು ಕಡಿಮೆ, ಉಳಿದ ಹಣ ಕೈಯಲ್ಲಿರುತ್ತದೆ.

ವಾರಕ್ಕೆ ಎರಡು ಮೂರು ಸಲ ಹೆದ್ದಾರಿಯ ದೂರ ಪ್ರಯಾಣ, ಐದು ಜನ, ಸಾಮಾನು, ಎ.ಸಿ., ಶಿರಾಡಿ ಅಥವಾ ಚಾರ್ಮಾಡಿ ಘಟ್ಟದ ಏರು, ಇಷ್ಟೆಲ್ಲ ಇದ್ದರೆ ಟರ್ಬೊಗೆ ಕೊಟ್ಟ ಹೆಚ್ಚಿನ ಬೆಲೆಗೆ ಅರ್ಥವಿದೆ. ಲಾರಿ ಹಿಂದಿಕ್ಕುವಾಗ ಬೇಕಾದ ಶಕ್ತಿ ಬೇಕಾದ ಕ್ಷಣಕ್ಕೆ ಸಿಗುವುದು ಸುರಕ್ಷತೆಯ ವಿಷಯವೂ ಹೌದು. 3,500 ಮೀಟರ್ ಎತ್ತರದ ಲೇಹ್‌ನಂಥ ಊರಿನಲ್ಲಿ, ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೆಯ ಎರಡು ಭಾಗಕ್ಕೆ ಇಳಿದಿರುವಲ್ಲಿ, ಟರ್ಬೊದ ಉಪಯೋಗ ಇನ್ನೂ ಸ್ಪಷ್ಟ. ಡೀಸೆಲ್ ಕಾರೇ ಬೇಕೆಂದರೆ ಈಗ ಅದು ಟರ್ಬೊ ಜೊತೆಗೇ ಬರುತ್ತದೆ. ಅಲ್ಲಿ ಪ್ರಶ್ನೆ ನಿರ್ವಹಣೆಯದು ಮಾತ್ರ.

ಎರಡರಲ್ಲಿ ಯಾವುದನ್ನೇ ಆರಿಸಿದರೂ ಕಾರನ್ನು ಬೆಳಗಿನ ತಂಪಿನಲ್ಲಿ ಓಡಿಸಿ ನೋಡಬೇಡಿ. ಮಧ್ಯಾಹ್ನ ಎರಡು ಗಂಟೆಗೆ, ಮನೆಯವರನ್ನೆಲ್ಲ ಕೂಡಿಸಿಕೊಂಡು, ಎ.ಸಿ. ಹಾಕಿ, ಒಂದು ಏರು ಹತ್ತಿಸಲು ನಿಮ್ಮ ತಂದೆಯವರಿಗೆ ಅಥವಾ ಅಣ್ಣನಿಗೆ ಹೇಳಿ. ಕರಪತ್ರದಲ್ಲಿ ಅಚ್ಚಾದ ಅಶ್ವಶಕ್ತಿ 25 ಡಿಗ್ರಿಯ ಗಾಳಿಗೆ ಲೆಕ್ಕ ಹಾಕಿದ್ದು. ನಿಮ್ಮೂರಿನ ಮೇ ತಿಂಗಳಿಗಲ್ಲ. ಆಯಿಲ್ ಯಾವ ದರ್ಜೆಯದು, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು, ಇಂಟರ್‌ಕೂಲರ್ ಎಲ್ಲಿದೆ, ಅದನ್ನು ಹೇಗೆ ತೊಳೆಯಬೇಕು ಎಂದು ಷೋರೂಮಿನಲ್ಲಿ ನೀವೇ ಕೇಳಿ. ಮನೆಯಲ್ಲಿ ವಿಜ್ಞಾನ ಓದುತ್ತಿರುವವರು ನೀವು. ಈ ಪ್ರಶ್ನೆಗಳನ್ನು ಕೇಳುವ ಕೆಲಸ ನಿಮ್ಮದೇ.