ಬೆಂಗಳೂರಿನ ಹಜಾರದಲ್ಲಿ ಹವಳದ ದಿಬ್ಬ

ಮಂಗಳೂರಿನ ಕಡೆಗೆ ಹೊರಡಲಿ, ಚೆನ್ನೈ ಕಡೆಗೆ ಹೊರಡಲಿ, ಬೆಂಗಳೂರಿನವರು ಕಡಲು ಕಾಣಬೇಕಾದರೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಬೇಕು. ಊರು ಇರುವುದೇ ಕಡಲಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಹೀಗಿದ್ದೂ ಇಲ್ಲಿನ ಕೆಲವು ಮನೆಗಳ ಹಜಾರದಲ್ಲಿ ಜೀವಂತ ಹವಳ ಬೆಳೆಯುತ್ತಿದೆ. ಅದು ಬದುಕಿರುವ ಉಪ್ಪುನೀರು ಯಾವ ತೀರದಿಂದಲೂ ಬಂದದ್ದಲ್ಲ. ಅಡುಗೆಮನೆ ಹಿಂದಿನ ಯುಟಿಲಿಟಿಯಲ್ಲಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಶುದ್ಧ ನೀರಿಗೆ ಉಪ್ಪಿನ ಮಿಶ್ರಣ ಕರಗಿಸಿ ಮನೆಯವರೇ ತಯಾರಿಸಿದ್ದು.

ಹವ್ಯಾಸಿಗಳು ಇದನ್ನು ರೀಫ್ ಟ್ಯಾಂಕ್ ಅನ್ನುತ್ತಾರೆ. ಗೋಲ್ಡ್‌ಫಿಶ್, ಗಪ್ಪಿ ಸಾಕಿದವರಿಗೆ ಅದರ ಮುಂದಿನ ಮೆಟ್ಟಿಲಿನಂತೆ ಕಾಣಬಹುದು. ನನ್ನ ಪ್ರಕಾರ ಇದು ಬೇರೆಯದೇ ವಿದ್ಯೆ. ಇಲ್ಲಿ ಮೀನಿಗಿಂತ ಮೊದಲು ನೀರನ್ನು ಸಾಕಬೇಕು. ಯಾಕೆಂದರೆ ಹವಳ ಓಡಿಹೋಗಲಾರದ ಪ್ರಾಣಿ. ಕೆಲವೇ ಮಿಲಿಮೀಟರ್ ಗಾತ್ರದ ಪಾಲಿಪ್‌ಗಳು ನೂರಾರು ಒಟ್ಟಿಗೆ ಕೂಡಿ ಒಂದು ಕೊಂಬೆಯಾಗುತ್ತವೆ. ಅವುಗಳ ಮೈಯೊಳಗೆ ಝೂಝಾಂತೆಲ್ಲೆ ಎಂಬ ಸೂಕ್ಷ್ಮ ಪಾಚಿಯ ವಾಸ. ಪಾಚಿ ಬೆಳಕು ಕುಡಿದು ಸಕ್ಕರೆ ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಬಿಟ್ಟುಕೊಡುತ್ತದೆ. ಹವಳ ಅದಕ್ಕೆ ಮನೆಯನ್ನೂ ಗೊಬ್ಬರವನ್ನೂ ಒದಗಿಸುತ್ತದೆ. ನೀರಿನ ಬಿಸಿ ಒಂದೆರಡು ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೆ ಸಾಕು, ಈ ಒಡಂಬಡಿಕೆ ಮುರಿದು ಹವಳ ತನ್ನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. 1998ರಲ್ಲಿ, 2010ರಲ್ಲಿ, ಮತ್ತೆ 2016ರಲ್ಲಿ ಲಕ್ಷದ್ವೀಪದ ದಿಬ್ಬಗಳಲ್ಲಿ ಆದದ್ದು ಇದೇ. ಏಪ್ರಿಲ್ ಬಿಸಿಲಿನಲ್ಲಿ ನೀರು ತಂಪಾಗಿಸುವ ಚಿಲ್ಲರ್ ಕೈಕೊಟ್ಟ ಮನೆಯಲ್ಲೂ ಆಗುವುದು ಇದೇ.

ಹಾಗಾಗಿ ನೀರಿನ ಮಾತು ಮೊದಲು. ಬೋರ್‌ವೆಲ್ ನೀರಂತೂ ಕೆಲಸಕ್ಕೆ ಬಾರದು, ಕಾವೇರಿ ನೀರೂ ನೇರವಾಗಿ ಆಗದು. ಕ್ಲೋರಿನ್, ನೈಟ್ರೇಟ್, ಫಾಸ್ಫೇಟ್, ಹಳೆಯ ಕೊಳಾಯಿಯ ತಾಮ್ರ, ಇವೆಲ್ಲ ಹವಳಕ್ಕೆ ಶತ್ರುಗಳು. ಅದರಲ್ಲೂ ತಾಮ್ರ ಲೇಶಮಾತ್ರ ಇದ್ದರೂ ಸಿಗಡಿ, ಬಸವನಹುಳ, ಹವಳ ಯಾವುದೂ ಉಳಿಯುವುದಿಲ್ಲ. ಅಡುಗೆಮನೆಯ ಆರ್‌ಒ ಯಂತ್ರ ಇದೆಯಲ್ಲ ಎಂದು ಹಲವರು ಅಂದುಕೊಳ್ಳುತ್ತಾರೆ. ಕುಡಿಯುವ ನೀರಿಗೆ ರುಚಿ ಇರಲೆಂದು ಆ ಯಂತ್ರಗಳಲ್ಲಿ ಅನೇಕವು ಒಂದಿಷ್ಟು ಲವಣವನ್ನು ಬೇಕೆಂದೇ ಉಳಿಸುತ್ತವೆ. ರೀಫ್ ಟ್ಯಾಂಕಿಗೆ ಹಾಕುವ ನೀರಿನಲ್ಲಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಅದಕ್ಕಾಗಿ ಆರ್‌ಒ ನಂತರ ಡಿಐ ಎಂಬ ರಾಳದ ಕಾರ್ಟ್ರಿಜ್ ಒಂದನ್ನು ಸೇರಿಸುತ್ತಾರೆ.

ಆ ಸೊನ್ನೆ ನೀರಿಗೆ ಲೀಟರಿಗೆ ಸುಮಾರು 35ರಿಂದ 38 ಗ್ರಾಂ ರೀಫ್ ಉಪ್ಪು. ನೀರಿಗೆ ಉಪ್ಪು ಹಾಕಬೇಕೇ ಹೊರತು ಉಪ್ಪಿನ ಮೇಲೆ ನೀರು ಸುರಿಯಬಾರದು. ಹಾಗೆ ಸುರಿದರೆ ಕ್ಯಾಲ್ಸಿಯಂ ಗರಣೆಗಟ್ಟಿ ತಳ ಸೇರುತ್ತದೆ, ಮತ್ತೆ ಕರಗುವುದಿಲ್ಲ. ಡ್ರಮ್ಮಿನೊಳಗೆ ಸಣ್ಣ ಪಂಪ್ ಇಟ್ಟು ರಾತ್ರಿಯಿಡೀ ತಿರುಗಿಸಿ, ಬೆಳಿಗ್ಗೆ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ತೆಗೆಯುತ್ತಾರೆ. ಅದರ ಗಾಜಿನ ಮೇಲೆ ಎರಡು ಹನಿ ಬಿಟ್ಟು, ಮುಚ್ಚಳ ಒತ್ತಿ, ಬೆಳಕಿಗೆ ಹಿಡಿದು ಒಂದು ಕಣ್ಣಿನಿಂದ ನೋಡಿದರೆ ನೀಲಿ ಮತ್ತು ಬಿಳಿ ಕೂಡುವ ಗೆರೆ ಕಾಣುತ್ತದೆ. ಗೆರೆ 35ರ ಮೇಲೆ ನಿಂತರೆ ಸಮುದ್ರ ಸಿದ್ಧ.

ಸಿದ್ಧವಾದ ಸಮುದ್ರದಲ್ಲಿ ಜೀವ ಬಿಡಲು ಇನ್ನೂ ಕಾಯಬೇಕು. ಕಲ್ಲು, ಮರಳು ಹಾಕಿ ಪಂಪ್ ಓಡಿಸಿದ ಮೇಲೆ ಟ್ಯಾಂಕಿನೊಳಗೆ ಬ್ಯಾಕ್ಟೀರಿಯಾಗಳು ನೆಲೆಯೂರಬೇಕು. ಒಂದು ತುಂಡು ಸಿಗಡಿಯನ್ನು ಒಳಗೆ ಕೊಳೆಯಲು ಬಿಟ್ಟರೆ ಅಮೋನಿಯಾ ಏರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಸೊನ್ನೆಗೆ ಇಳಿಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಆಮೇಲೆ ಕಂದು ಪಾಚಿ, ಅದರ ಬೆನ್ನಿಗೆ ಕೂದಲಿನಂಥ ಹಸಿರು ಪಾಚಿ ಕಲ್ಲುಗಳನ್ನೆಲ್ಲ ಆವರಿಸುತ್ತದೆ. ಹೆಚ್ಚಿನವರು ಕೈಚೆಲ್ಲುವುದು ಈ ಹಂತದಲ್ಲೇ. ಔಷಧಿ ಸುರಿಯದೆ, ಬಸವನಹುಳಗಳನ್ನು ಬಿಟ್ಟು, ಮೀನಿನ ಆಹಾರದಲ್ಲಿ ಕೈ ಬಿಗಿಹಿಡಿದು, ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸುತ್ತ ಬಂದವರ ಟ್ಯಾಂಕು ಕೆಲವು ತಿಂಗಳಲ್ಲಿ ತಾನಾಗಿ ತಿಳಿಯಾಗುತ್ತದೆ.

ಗಾಜಿನ ಟ್ಯಾಂಕಿನ ಕೆಳಗೆ, ಬೀರುವಿನೊಳಗೆ, ಸಂಪ್ ಎಂಬ ಇನ್ನೊಂದು ತೊಟ್ಟಿ ಇರುತ್ತದೆ. ನೋಡಲು ಬಂದವರ ಕಣ್ಣಿಗೆ ಬೀಳದ ಕೆಲಸವೆಲ್ಲ ನಡೆಯುವುದು ಅಲ್ಲಿ. ಸ್ಕಿಮ್ಮರ್ ಎಂಬ ಯಂತ್ರ ನೀರಿನೊಳಗೆ ಸಣ್ಣ ಸಣ್ಣ ಗುಳ್ಳೆಗಳನ್ನು ಎಬ್ಬಿಸುತ್ತದೆ. ಮೀನಿನ ಮಲ, ಉಳಿದ ಆಹಾರದ ಜಿಡ್ಡು ಗುಳ್ಳೆಗೆ ಅಂಟಿಕೊಂಡು ಮೇಲೇರಿ, ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಳೆ ಕಟ್ಟಿಕೊಂಡು ಬರುವಂತೆ ಕಂದು ನೊರೆಯಾಗಿ ಬಟ್ಟಲಿಗೆ ಬೀಳುತ್ತದೆ. ವಾರಕ್ಕೆ ಒಂದೆರಡು ಸಲ ಆ ಬಟ್ಟಲನ್ನು ತೊಳೆಯಬೇಕು. ಅದರ ವಾಸನೆ ಸಹಿಸಲಾಗದು, ಆದರೆ ಅಷ್ಟು ಕೊಳೆ ಹವಳದ ಪಾಲಿಗೆ ತಪ್ಪಿತು ಎನ್ನುವ ಸಮಾಧಾನ ಇರುತ್ತದೆ.

ಗಾತ್ರದ ಬಗ್ಗೆ ಒಂದು ಮಾತು. ನಾಲ್ಕು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕಿನಲ್ಲಿ ನಾನೂರು ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. ಗಾಜು, ಕಲ್ಲು, ಸಂಪ್, ಸ್ಟ್ಯಾಂಡ್ ಸೇರಿದರೆ ಭಾರ ಅರ್ಧ ಟನ್ ದಾಟುತ್ತದೆ. ಅಪಾರ್ಟ್‌ಮೆಂಟಿನವರು ಅದನ್ನು ತೊಲೆಯ ಮೇಲೆ ಬರುವ ಗೋಡೆಗೆ ಒತ್ತಿ ಇಡಬೇಕು, ಕೋಣೆಯ ನಡುವೆ ಅಲ್ಲ. ಚಿಕ್ಕದರಿಂದ ಆರಂಭಿಸೋಣ ಎನ್ನುವುದು ಇಲ್ಲಿ ತಿರುಗುಮುರುಗು ಲೆಕ್ಕ: ನೀರು ಕಡಿಮೆಯಾದಷ್ಟೂ ಸಣ್ಣ ತಪ್ಪು ದೊಡ್ಡದಾಗುತ್ತದೆ. ದೀಪ, ಸ್ಕಿಮ್ಮರ್, ಚಿಲ್ಲರ್, ಪಂಪ್ ಎಲ್ಲ ಸೇರಿ ಖರ್ಚು ಲಕ್ಷ ಮುಟ್ಟುತ್ತದೆ ಎಂಬುದನ್ನೂ ಮುಚ್ಚಿಡುವುದು ಸರಿಯಲ್ಲ.

ಇನ್ನು ಸುಣ್ಣ. ಈ ವಿದ್ಯೆಯ ತಿರುಳು ಇರುವುದು ಇದರಲ್ಲೇ, ನನಗೆ ಅತ್ಯಂತ ಪ್ರಿಯವಾದ ಭಾಗವೂ ಇದೇ. ಗಟ್ಟಿ ಹವಳ ಹಗಲು ಹೊತ್ತು ನೀರಿನಿಂದ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಹೀರಿಕೊಂಡು ಸುಣ್ಣದ ಕಲ್ಲಾಗಿಸುತ್ತ ತನ್ನ ಅಸ್ಥಿಪಂಜರ ಕಟ್ಟಿಕೊಳ್ಳುತ್ತದೆ. ಸಹಜ ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 410 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಬೈಕಾರ್ಬೊನೇಟನ್ನು ಹವ್ಯಾಸಿಗಳು ಕ್ಷಾರತೆ ಎಂದು ಅಳೆಯುತ್ತಾರೆ. ಕಡಲಿನಲ್ಲಿ ಅದು ಸುಮಾರು 7 ಡಿಕೆಎಚ್. ಸಾಗರ ಎಷ್ಟು ಅಗಾಧವೆಂದರೆ ಹವಳ ಹೀರಿದ್ದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನಾನೂರು ಲೀಟರಿನಲ್ಲಿ ಪ್ರತಿದಿನ ಬರುತ್ತದೆ.

ಆದ್ದರಿಂದ ಸಂಜೆ ಕೆಲಸದಿಂದ ಬಂದವರು ಮೊದಲು ಸಿರಿಂಜ್ ಹಿಡಿಯುತ್ತಾರೆ. ಸಣ್ಣ ಶೀಷೆಗೆ ನಾಲ್ಕು ಮಿಲಿಲೀಟರ್ ಟ್ಯಾಂಕಿನ ನೀರು, ಅದಕ್ಕೆ ಕೆಲವು ಹನಿ ಸೂಚಕ. ನೀರು ನೀಲಿ-ಹಸಿರಾಗುತ್ತದೆ. ಸಿರಿಂಜಿನಿಂದ ಆಮ್ಲವನ್ನು ಒಂದೊಂದೇ ಹನಿ ಬಿಟ್ಟು ಶೀಷೆ ಅಲುಗಿಸುತ್ತ ಹೋಗಬೇಕು. ಹತ್ತಾರು ಹನಿಗೆ ಏನೂ ಆಗುವುದಿಲ್ಲ. ಬಣ್ಣ ಸ್ವಲ್ಪ ಮಂಕಾಗುತ್ತದೆ. ಮುಂದಿನ ಒಂದೇ ಹನಿಗೆ ಇಡೀ ಶೀಷೆ ನಸುಗೆಂಪಿಗೆ ತಿರುಗುತ್ತದೆ. ಸಿರಿಂಜಿನಲ್ಲಿ ಉಳಿದ ಆಮ್ಲ ನೋಡಿ ಅಂಕಿ ಬರೆದುಕೊಳ್ಳುತ್ತಾರೆ. ನಿನ್ನೆ 8.2, ಇವತ್ತು 7.9. ಅಂದರೆ ಹವಳ ಬೆಳೆಯುತ್ತಿದೆ, ಅಷ್ಟನ್ನು ಮರಳಿ ಕೊಡಬೇಕು. ಅಂಕಿ 7 ಇರಲಿ, 9 ಇರಲಿ, ಹವಳ ಹೊಂದಿಕೊಳ್ಳುತ್ತದೆ. ಇವತ್ತು 7, ನಾಳೆ 9, ನಾಳಿದ್ದು ಮತ್ತೆ 7 ಆದರೆ ತುದಿಗಳು ಸುಟ್ಟಂತಾಗಿ ಚರ್ಮ ಕಳಚುತ್ತದೆ.

ಮರಳಿ ಕೊಡುವ ಹಳೆಯ ವಿಧಾನ ಸುಣ್ಣದ ತಿಳಿನೀರು. 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಇದನ್ನು ಜರ್ಮನ್ ಹವ್ಯಾಸಿಗಳಲ್ಲಿ ರೂಢಿಗೆ ತಂದರು. ವೀಳ್ಯದೆಲೆಗೆ ಸವರುವ ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಆದರೆ ಕಲಬೆರಕೆಯಿಲ್ಲದ ದರ್ಜೆಯದು. ಲೀಟರಿಗೆ ಒಂದೂವರೆ ಗ್ರಾಂ ಆಸುಪಾಸು ಮಾತ್ರ ಕರಗುತ್ತದೆ. ಉಳಿದದ್ದು ತಳದಲ್ಲಿ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ರಾತ್ರಿ ಹೊತ್ತು ಹನಿಹನಿಯಾಗಿ ಸಂಪಿಗೆ ಬಿಡುತ್ತಾರೆ. ರಾತ್ರಿ ಯಾಕೆಂದರೆ ದೀಪ ಆರಿದ ಮೇಲೆ ನೀರಿನ ಪಿಎಚ್ ಇಳಿಯುತ್ತದೆ, ಸುಣ್ಣದ ತಿಳಿ ಅದನ್ನು ಎತ್ತಿ ಹಿಡಿಯುತ್ತದೆ. ಅದರ ಪಿಎಚ್ ಹನ್ನೆರಡಕ್ಕೂ ಮೇಲಿರುವುದರಿಂದ ಒಮ್ಮೆಗೇ ಸುರಿದರೆ ಟ್ಯಾಂಕಿನಲ್ಲಿ ಜೀವ ಉಳಿಯುವುದಿಲ್ಲ. ಈಗ ಹೆಚ್ಚಿನವರು ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಸೋಡಾ ದ್ರಾವಣಗಳನ್ನು ಡೋಸಿಂಗ್ ಪಂಪಿನಿಂದ ಬೇರೆಬೇರೆಯಾಗಿ ಕೊಡುತ್ತಾರೆ. ಅನುಕೂಲ ನಿಜ. ಆದರೂ ವಾರಕ್ಕೆ ಒಮ್ಮೆಯಾದರೂ ಕೈಯಿಂದಲೇ ಪರೀಕ್ಷೆ ಮಾಡದವರ ಹವಳ ಹೆಚ್ಚು ದಿನ ಚೆನ್ನಾಗಿದ್ದದ್ದು ಅಪರೂಪ.

ಇನ್ನೆರಡು ದಿನಚರಿಯ ಸಂಗತಿಗಳು. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಹಾಗಾಗಿ ತಗ್ಗಿದ ಮಟ್ಟವನ್ನು ಸಿಹಿನೀರಿನಿಂದಲೇ ತುಂಬಬೇಕು. ಅದಕ್ಕೊಂದು ಫ್ಲೋಟ್ ಸ್ವಿಚ್ ಸಾಕು. ಎರಡನೆಯದು ಕರೆಂಟು. ಪಂಪ್ ನಿಂತರೆ ಮೀನುಗಳನ್ನು ಮೊದಲು ಕಾಡುವುದು ಉಸಿರಿನ ಕೊರತೆ. ಇನ್ವರ್ಟರಿಗೆ ಚಿಲ್ಲರ್ ಕಟ್ಟಿಕೊಳ್ಳುವುದು ದುಬಾರಿ, ನೀರನ್ನು ಅಲೆಯಾಡಿಸುವ ಒಂದು ವೇವ್‌ಮೇಕರ್ ಕಟ್ಟಿಕೊಳ್ಳುವುದು ಸುಲಭ. ಬ್ಯಾಟರಿಯ ಏರ್ ಪಂಪ್ ಒಂದು ಕೈಗೆಟುಕುವಲ್ಲಿ ಇರಲಿ.

ಯಂತ್ರಗಳಿಲ್ಲದ ಕಾಲದಲ್ಲೂ ಹವಳ ಸಾಕಿದವರಿದ್ದಾರೆ. 1846ರಲ್ಲಿ ಆನಾ ಥಿನ್ ಎಂಬಾಕೆ ಇಂಗ್ಲೆಂಡಿನ ಟಾರ್ಕಿ ತೀರದಿಂದ ಸಣ್ಣ ಬಟ್ಟಲು ಹವಳಗಳನ್ನು ಲಂಡನ್ನಿಗೆ ಒಯ್ದರು. ಅವು ಅಲುಗದಿರಲೆಂದು ಸೂಜಿದಾರದಿಂದ ಸ್ಪಂಜಿಗೆ ಹೊಲಿದಿದ್ದರಂತೆ. ತಾಜಾ ಕಡಲ ನೀರು ಸಿಗದಾದಾಗ ಮನೆಗೆಲಸದ ಹುಡುಗಿ ತೆರೆದ ಕಿಟಕಿಯ ಮುಂದೆ ಅದೇ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಅರ್ಧ-ಮುಕ್ಕಾಲು ಗಂಟೆ ಎತ್ತಿ ಎತ್ತಿ ಸುರಿದು ಗಾಳಿ ಬೆರೆಸುತ್ತಿದ್ದಳು. ಆ ಹುಡುಗಿಯ ಕೈಗಳು ಮಾಡಿದ ಕೆಲಸವನ್ನೇ ಇಂದಿನ ಪಂಪ್ ಮಾಡುತ್ತಿದೆ. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್, ಸೂಕ್ಷ್ಮಜೀವಿಗಳು ನೆಲೆಸಿದ ‘ಜೀವಂತ ಕಲ್ಲು’ಗಳನ್ನು ಟ್ಯಾಂಕಿಗೆ ಹಾಕಿ ಗಾಳಿಗುಳ್ಳೆ, ಸೂರ್ಯನ ಬೆಳಕಿನಿಂದಲೇ ಹವಳ ಉಳಿಸಿದ ಬಗೆಯನ್ನು ಅಮೆರಿಕದ ಪತ್ರಿಕೆಯೊಂದರಲ್ಲಿ ವಿವರಿಸಿದರು. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಜೀವಂತ ಕಲ್ಲಿಗೆ ಸ್ಕಿಮ್ಮರನ್ನೂ ಪ್ರಖರ ದೀಪವನ್ನೂ ಸೇರಿಸಿದರು. ಇಂದಿಗೂ ನಡೆಯುತ್ತಿರುವುದು ಬಹುಮಟ್ಟಿಗೆ ಅದೇ ಪದ್ಧತಿ.

ನಮ್ಮಲ್ಲಿ ಈ ಹವ್ಯಾಸಕ್ಕೆ ಇಳಿಯುವವರು ಟ್ಯಾಂಕ್ ಕೊಳ್ಳುವ ಮೊದಲು ತಿಳಿಯಬೇಕಾದದ್ದು ಕಾನೂನು. 2001ರಿಂದ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಕಡಲ ಬೀಸಣಿಗೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಹುಲಿಯ ಸಾಲಿನಲ್ಲಿ ಇವೆ. ಕಡಲ್ಗುದುರೆಯೂ ಹಾಗೆಯೇ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತ ಮುಳುಗಿದವರು ಅಲ್ಲಿನ ಹವಳ ಕಂಡು ಬೆರಗಾಗುತ್ತಾರೆ. ಅದರ ಒಂದು ಚೂರನ್ನು, ಸತ್ತದ್ದನ್ನೂ, ಚೀಲಕ್ಕೆ ಹಾಕಿಕೊಂಡು ಬರುವುದು ಅಪರಾಧ. ಹೊರದೇಶದ ಗಟ್ಟಿ ಹವಳಗಳ ವ್ಯಾಪಾರಕ್ಕೂ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಕಾಗದಪತ್ರ ಬೇಕು. ಅಂಗಡಿಯವರು ಅದನ್ನು ತೋರಿಸಲು ಹಿಂಜರಿದರೆ ಹೊರಟು ಬರುವುದೇ ಸರಿ.

ಆದ್ದರಿಂದ ನಾನು ಹೇಳುವುದು ಇಷ್ಟು: ಮೊದಲ ಟ್ಯಾಂಕು ಮೃದು ಹವಳಗಳದ್ದಾಗಲಿ. ಅಣಬೆ ಹವಳ, ತೊಗಲು ಹವಳ, ಝೋಆಂಥಿಡ್‌ಗಳು ಕಲ್ಲು ಕಟ್ಟುವುದಿಲ್ಲ, ಸುಣ್ಣದ ಲೆಕ್ಕ ಅಷ್ಟು ಬಿಗಿಯಿಲ್ಲ, ಮೇಲಿನ ಪಟ್ಟಿಯಲ್ಲೂ ಸೇರಿಲ್ಲ. ಇನ್ನೊಬ್ಬ ಹವ್ಯಾಸಿಯ ಮನೆಯಲ್ಲಿ ಬೆಳೆದ ತುಂಡಾದರೆ ಇನ್ನೂ ಒಳ್ಳೆಯದು. ಮೀನು ಹ್ಯಾಚರಿಯದ್ದಾಗಲಿ. ಫಿಲಿಪ್ಪೀನ್ಸ್, ಇಂಡೊನೇಷ್ಯಾಗಳಲ್ಲಿ ದಿಬ್ಬದ ಬಿರುಕಿಗೆ ಸಯನೈಡ್ ಚಿಮ್ಮಿಸಿ ಮೀನನ್ನು ಮಂಪರು ಮಾಡಿ ಹಿಡಿಯುವ ಚಾಳಿ ದಶಕಗಳಿಂದ ಇದೆ. ಆ ಮೀನೂ ಹೆಚ್ಚು ಕಾಲ ಬದುಕುವುದಿಲ್ಲ, ಆ ದಿಬ್ಬವೂ. ನಮ್ಮಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ವಿಳಿಞ್ಞಂ ಮತ್ತು ಮಂಡಪಂ ಕೇಂದ್ರಗಳಲ್ಲಿ ಕ್ಲೌನ್‌ಫಿಶ್, ಡ್ಯಾಮ್ಸೆಲ್‌ಗಳ ಮರಿ ಮಾಡಿಸುವ ವಿಧಾನ ರೂಪಿಸಿದೆ. ಲಕ್ಷದ್ವೀಪದ ಅಗತ್ತಿಯಲ್ಲಿ ದ್ವೀಪದ ಹೆಂಗಸರೇ ಅಲಂಕಾರಿಕ ಸಿಗಡಿ ಸಾಕುತ್ತಿದ್ದಾರೆ. 2003ರ ನೀಮೋ ಸಿನಿಮಾ ನೋಡಿ ನೀಲಿ ಟ್ಯಾಂಗ್ ಬೇಕೆನ್ನುವ ಮಕ್ಕಳಿಗೆ ಅದು ಒಂದು ಅಡಿಯವರೆಗೆ ಬೆಳೆಯುತ್ತದೆ, ನಾಲ್ಕಡಿ ಟ್ಯಾಂಕು ಅದಕ್ಕೆ ಸೆರೆಮನೆ ಎಂದು ತಿಳಿಹೇಳಬೇಕು.

ಕ್ಲೌನ್‌ಫಿಶ್ ಜೋಡಿಯೊಂದಿದ್ದರೆ ನೋಡಲು ಬೇಕಾದಷ್ಟಿದೆ. ಇವು ಎಲ್ಲವೂ ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಅದು ಸತ್ತರೆ ಅದರ ಗಂಡು ಹೆಣ್ಣಾಗಿ ಬದಲಾಗುತ್ತದೆ. ಕಲ್ಲಿನ ಒಂದು ಪಕ್ಕವನ್ನು ಬಾಯಿಯಿಂದ ಉಜ್ಜಿ ಉಜ್ಜಿ ಸ್ವಚ್ಛ ಮಾಡಿಕೊಂಡು ಹೆಣ್ಣು ಕಿತ್ತಳೆ ಬಣ್ಣದ ನೂರಾರು ಮೊಟ್ಟೆ ಅಂಟಿಸುತ್ತದೆ. ಮುಂದಿನದ್ದು ಬಹುತೇಕ ಗಂಡಿನ ದುಡಿಮೆ. ಎದೆಯ ರೆಕ್ಕೆಗಳಿಂದ ಎಡೆಬಿಡದೆ ನೀರು ಬೀಸುತ್ತದೆ, ಬೆಳ್ಳಗಾದ ಸತ್ತ ಮೊಟ್ಟೆಗಳನ್ನು ಹೆಕ್ಕಿ ತೆಗೆಯುತ್ತದೆ, ಗಾಜು ಒರೆಸಲು ಬಂದ ಕೈಯನ್ನು ಕಚ್ಚುತ್ತದೆ. ದಿನ ಕಳೆದಂತೆ ಮೊಟ್ಟೆಯೊಳಗೆ ಬೆಳ್ಳಿಯ ಕಣ್ಣುಗಳು ಮೂಡುತ್ತವೆ. ವಾರದ ಮೇಲೆ ಒಂದು ರಾತ್ರಿ, ದೀಪ ಆರಿದ ಬಳಿಕ, ಮರಿಗಳು ಒಡೆದು ಬರುತ್ತವೆ. ಅವುಗಳನ್ನು ಬೇರೆ ಪಾತ್ರೆಗೆ ತೆಗೆದು ರೋಟಿಫರ್ ಎಂಬ ಸೂಕ್ಷ್ಮಜೀವಿ ಉಣಿಸಿ ಬೆಳೆಸುವ ಹವ್ಯಾಸಿಗಳೂ ಇದ್ದಾರೆ.

ಹವಳದ್ದು ಮರಿಗಿಂತ ತುಂಡಿನ ಲೆಕ್ಕ. ಬೆಳೆದ ಕೊಂಬೆಯಿಂದ ಬೆರಳುದ್ದ ಕತ್ತರಿಸಿ, ಸಣ್ಣ ಬಿಲ್ಲೆಯ ಮೇಲೆ ಜೆಲ್ ರೂಪದ ಸೂಪರ್ ಗ್ಲೂನಿಂದ ಅಂಟಿಸಿದರೆ ಕೆಲವು ವಾರಗಳಲ್ಲಿ ಅದು ಬಿಲ್ಲೆಯ ಮೇಲೆ ಹಬ್ಬಿ ಹೊಸ ಹವಳವಾಗುತ್ತದೆ. ಇದಕ್ಕೆ ಫ್ರ್ಯಾಗ್ ಎನ್ನುತ್ತಾರೆ. ಝೋಆಂಥಿಡ್ ಕತ್ತರಿಸುವಾಗ ಕೈಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ. ಅವುಗಳಲ್ಲಿ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇದೆ. ಅವು ಅಂಟಿರುವ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಿ ಶುಚಿ ಮಾಡಲು ಹೋಗಿ ಆವಿ ಉಸಿರಾಡಿ ಆಸ್ಪತ್ರೆ ಸೇರಿದ ಕುಟುಂಬಗಳಿವೆ.

ಮನೆಗಳಲ್ಲಿ ಬೆಳೆದ ಈ ತುಂಡಿನ ವಿದ್ಯೆಯೇ ಈಗ ಕಡಲಿನ ದಿಬ್ಬಗಳಿಗೂ ಆಗಿಬರುತ್ತಿದೆ. ಮನ್ನಾರ್ ಕೊಲ್ಲಿಯಲ್ಲಿ ತೂತುಕುಡಿಯ ಸಂಶೋಧಕರು ಹಾಳಾದ ಜಾಗಗಳಲ್ಲಿ ಹವಳದ ತುಂಡುಗಳನ್ನು ನೆಟ್ಟು ಬೆಳೆಸಿದ್ದಾರೆ. ತುಂಡಿನಿಂದಷ್ಟೇ ಅಲ್ಲ, ಸಂತಾನದಿಂದಲೂ ಹವಳ ಬೆಳೆಸುವ ಯತ್ನ ನಡೆದಿದೆ. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ಜೇಮಿ ಕ್ರ್ಯಾಗ್ಸ್ ಅವರ ತಂಡ ಟ್ಯಾಂಕಿನ ಮೇಲೆ ಋತುಗಳ ಬಿಸಿ-ತಂಪನ್ನೂ ಹುಣ್ಣಿಮೆ-ಅಮಾವಾಸ್ಯೆಗಳ ಬೆಳಕನ್ನೂ ಕಂಪ್ಯೂಟರಿನಿಂದ ನಡೆಸಿ, ಬಂಧನದಲ್ಲಿದ್ದ ಹವಳ ಮೊಟ್ಟೆ-ವೀರ್ಯ ಬಿಡುವಂತೆ ಮಾಡಿತು. ಅವರ ನೆರವಿನಿಂದ 2019ರಲ್ಲಿ ಫ್ಲಾರಿಡಾ ಅಕ್ವೇರಿಯಂ ಅಟ್ಲಾಂಟಿಕ್ಕಿನ ಕಂಬ ಹವಳಕ್ಕೂ ಪ್ರಯೋಗಾಲಯದಲ್ಲೇ ಸಂತಾನ ಪಡೆಯಿತು. ಅಲ್ಲೂ ನೀರಿನ ಉಪ್ಪು, ಬಿಸಿ, ಕ್ಷಾರತೆಗಳನ್ನು ಪ್ರತಿದಿನ ಅಳೆದು ಬರೆದಿಡುವವರು ಇದ್ದೇ ಇದ್ದಾರೆ.